ಮಡಿಕೇರಿ ಎರಡು ದಿನದ ಊರಲ್ಲ: ಪ್ರವಾಸದ ಹೊಣೆ ಹೊತ್ತವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಮಡಿಕೇರಿಯ ಕೆಲಸಗಳೆಲ್ಲ ಒಂದೇ ಮೇಜಿನ ಮೇಲಿಲ್ಲ ಎಂದು ನನಗೆ ಗೊತ್ತು. ರಸ್ತೆ ಒಬ್ಬರದು, ಕೋಟೆ ಇನ್ನೊಬ್ಬರದು, ನೀರು ಮತ್ತೊಬ್ಬರದು, ಕಾಡಿನ ದಾರಿ ಮಗದೊಬ್ಬರದು. ಹಾಗಾಗಿ ಈ ಪತ್ರವನ್ನು ಒಬ್ಬರ ಹೆಸರಿಗೆ ಬರೆಯುತ್ತಿಲ್ಲ. ಈ ಊರಿಗೆ ಯಾರು ಬರಬೇಕು, ಯಾವಾಗ ಬರಬೇಕು, ಬಂದು ಏನು ನೋಡಬೇಕು ಎಂದು ತೀರ್ಮಾನ ಮಾಡುವ ಎಲ್ಲರಿಗೂ ಬರೆಯುತ್ತಿದ್ದೇನೆ. ದಯವಿಟ್ಟು ಪೂರ್ತಿ ಓದಿ.

ನಾನು ಕೊಡಗಿನವಳಲ್ಲ, ಬಯಲುಸೀಮೆಯವಳು. ಆದರೆ ಹಲವು ವರ್ಷಗಳಿಂದ ಮಡಿಕೇರಿಗೆ ಎಲ್ಲ ಕಾಲದಲ್ಲೂ ಬಂದಿದ್ದೇನೆ. ಲಾಡ್ಜ್‌ಗಳು ತುಂಬಿ ತುಳುಕುವ ಡಿಸೆಂಬರಿನಲ್ಲೂ ಬಂದಿದ್ದೇನೆ, ಬಸ್ಸಿನಲ್ಲಿ ಅರ್ಧ ಸೀಟು ಖಾಲಿ ಇರುವ ಜುಲೈನಲ್ಲೂ ಬಂದಿದ್ದೇನೆ. ಬಸ್ ಸ್ಟ್ಯಾಂಡಿನಲ್ಲಿ ಇಳಿದು ನಡೆದುಕೊಂಡೇ ಊರು ಸುತ್ತುವುದು ನನ್ನ ಅಭ್ಯಾಸ. ಹಾಗೆ ಸುತ್ತುವಾಗ ಕಣ್ಣಾರೆ ಕಂಡದ್ದನ್ನೇ ಇಲ್ಲಿ ಹೇಳುತ್ತೇನೆ.

ನನ್ನ ದೂರು ಒಂದೇ. ಮಡಿಕೇರಿಯನ್ನು ಬರೀ ನೋಟದ ಊರು ಮಾಡಿಬಿಟ್ಟಿದ್ದೀರಿ. ಮಂಜು, ಜಲಪಾತ, ಜೀಪು, ಸೂರ್ಯಾಸ್ತ. ಪ್ರಚಾರದ ಚಿತ್ರಗಳಲ್ಲಿ ಇದೇ, ಟ್ಯಾಕ್ಸಿಯವರ ಪಟ್ಟಿಯಲ್ಲೂ ಇದೇ. ನೋಟಕ್ಕೆ ಒಂದು ಕಾಲ, ಒಂದು ಹೊತ್ತು ಅಂತ ಇರುತ್ತದೆ. ಹಾಗಾಗಿ ಎಲ್ಲರೂ ಅದೇ ವಾರಾಂತ್ಯ, ಅದೇ ಹೊತ್ತಿಗೆ, ಅದೇ ನಾಲ್ಕು ಜಾಗಕ್ಕೆ ನುಗ್ಗುತ್ತಾರೆ. ಆದರೆ ಈ ಊರಿನ ಚರಿತ್ರೆ ಹನ್ನೆರಡು ತಿಂಗಳೂ ಇಲ್ಲೇ ನಿಂತಿದೆ. ಮಳೆ ಬಂದರೂ ಇದೆ, ಮಂಜು ಮುಸುಕಿದರೂ ಇದೆ. ಅದನ್ನು ತೋರಿಸುವವರೇ ಇಲ್ಲ.

ಯೋಚಿಸಿ ನೋಡಿ. ಕೊಡಗನ್ನು ಆಳಿದ ಹಾಲೇರಿ ವಂಶದ ಮುದ್ದುರಾಜ 1681ರಲ್ಲಿ ರಾಜಧಾನಿಯನ್ನು ಇಲ್ಲಿಗೆ ತಂದ. ಅವನು ಕಟ್ಟಿಸಿದ ಕೋಟೆ ಮಣ್ಣಿನದು. ಆಮೇಲೆ ಟಿಪ್ಪು ಸುಲ್ತಾನ್ ಅದನ್ನು ಕಲ್ಲಿನಲ್ಲಿ ಕಟ್ಟಿಸಿ ಜಾಫರಾಬಾದ್ ಎಂದು ಕರೆದ. ಹಾಲೇರಿ ವಂಶದವನೇ ಆದ ದೊಡ್ಡವೀರರಾಜೇಂದ್ರ ಅದನ್ನು ಮತ್ತೆ ಗೆದ್ದುಕೊಂಡ. 1812ರಿಂದ 1814ರ ನಡುವೆ ಲಿಂಗರಾಜೇಂದ್ರ ಅರಮನೆಯನ್ನು ಹೊಸದಾಗಿ ಕಟ್ಟಿಸಿದ. 1834ರ ಏಪ್ರಿಲ್‌ನಲ್ಲಿ ಬ್ರಿಟಿಷರು ಬಂದರು, ಕೊಡಗಿನ ರಾಜರ ಆಳ್ವಿಕೆ ಅಲ್ಲಿಗೆ ಮುಗಿಯಿತು. ಕೋಟೆಯೊಳಗಿದ್ದ ವೀರಭದ್ರ ದೇವಸ್ಥಾನವನ್ನು ತೆಗೆದು 1855ರಲ್ಲಿ ಸೇಂಟ್ ಮಾರ್ಕ್ಸ್ ಚರ್ಚ್ ಕಟ್ಟಿದರು. ಈಗ ಆ ಚರ್ಚೇ ಸರ್ಕಾರಿ ವಸ್ತುಸಂಗ್ರಹಾಲಯ. ಅರಮನೆಯಲ್ಲಿ ದಶಕಗಳ ಕಾಲ ಸರ್ಕಾರಿ ಕಚೇರಿಗಳು ನಡೆದವು. ಇಷ್ಟೆಲ್ಲ ಆದದ್ದು ಒಂದೇ ಕೋಟೆಯ ಒಳಗೆ. ಬೇರೆ ಯಾವುದಾದರೂ ದೇಶದಲ್ಲಿ ಇಂಥ ಜಾಗ ಇದ್ದಿದ್ದರೆ ಅಲ್ಲೇ ಒಂದು ಇಡೀ ದಿನ ಕಳೆಯುವ ಹಾಗೆ ಮಾಡುತ್ತಿದ್ದರು.

ಇಲ್ಲಿ ಏನಾಗುತ್ತದೆ? ಕೋಟೆಗೆ ಬಂದವರು ಆ ಎರಡು ಗಾರೆಯ ಆನೆಗಳ ಹತ್ತಿರ ಹೋಗುತ್ತಾರೆ. ನಿಜವಾದ ಆನೆಯಷ್ಟೇ ದೊಡ್ಡವು, ನೋಡಲು ಚೆಂದ. ಮಕ್ಕಳನ್ನು ಎತ್ತಿ ಸೊಂಡಿಲಿಗೆ ಒರಗಿಸಿ ಫೋಟೊ ತೆಗೆಯುತ್ತಾರೆ. ಹತ್ತು ನಿಮಿಷಕ್ಕೆ ಮುಗಿಯಿತು. "ಇಷ್ಟೇನಾ? ಬನ್ನಿ, ಅಬ್ಬಿ ಫಾಲ್ಸ್‌ಗೆ ಲೇಟಾಗುತ್ತೆ" ಎಂದು ವಾಪಸ್ ಹೊರಡುತ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಯಾರು ಕಟ್ಟಿಸಿದ್ದು, ಯಾಕೆ ಕಟ್ಟಿಸಿದ್ದು, ಈ ಅಂಗಳದಲ್ಲಿ ಏನೇನು ನಡೆಯಿತು ಅಂತ ಹೇಳುವವರು ಒಬ್ಬರಾದರೂ ಇದ್ದಿದ್ದರೆ ಅವರೂ ನಿಂತು ಕೇಳುತ್ತಿದ್ದರು. ಒಮ್ಮೆ ಅಲ್ಲೇ ನಿಂತಿದ್ದ ಒಂದು ಕುಟುಂಬಕ್ಕೆ ನನಗೆ ತಿಳಿದಷ್ಟನ್ನು ಹೇಳಿದೆ. ಕೊನೆಯ ರಾಜ ಚಿಕ್ಕವೀರರಾಜೇಂದ್ರ ಗಡಿಪಾರಾಗಿ ಕಾಶಿಯಲ್ಲಿದ್ದದ್ದು, 1852ರಲ್ಲಿ ಮಗಳನ್ನು ಕರೆದುಕೊಂಡು ಲಂಡನ್ನಿಗೆ ಹೋದದ್ದು, ಆ ಹುಡುಗಿ ಗೌರಮ್ಮನ ದೀಕ್ಷಾಸ್ನಾನಕ್ಕೆ ವಿಕ್ಟೋರಿಯಾ ರಾಣಿಯೇ ಧರ್ಮತಾಯಿಯಾಗಿ ನಿಂತದ್ದು, ರಾಜ 1859ರಲ್ಲಿ ಅಲ್ಲೇ ತೀರಿಕೊಂಡದ್ದು. ಆ ಮನೆಯ ಅಜ್ಜಿ ನನ್ನ ಕೈ ಹಿಡಿದುಕೊಂಡು "ಆಮೇಲೆ ಆ ಮಗು ಏನಾಯ್ತು ತಾಯಿ?" ಎಂದು ಕೇಳಿದರು. ಜಲಪಾತಕ್ಕೆ ಹೊರಟಿದ್ದವರು ಅರ್ಧ ಗಂಟೆ ಕದಲಲಿಲ್ಲ. ಜನಕ್ಕೆ ಆಸಕ್ತಿ ಇಲ್ಲ ಎಂಬ ಮಾತನ್ನು ನಾನು ಒಪ್ಪದಿರುವುದು ಇದಕ್ಕೇ.

ಗದ್ದಿಗೆಯ ಕಥೆ ಇನ್ನೂ ಬೇಸರದ್ದು. ದೊಡ್ಡವೀರರಾಜೇಂದ್ರ ಮತ್ತು ಅವನ ರಾಣಿಯ ಸಮಾಧಿ, ಪಕ್ಕದಲ್ಲಿ ಲಿಂಗರಾಜೇಂದ್ರನದು, ಇನ್ನೊಂದು ರಾಜಗುರು ರುದ್ರಪ್ಪನವರದು. ಲಿಂಗರಾಜೇಂದ್ರನ ಗದ್ದಿಗೆಯನ್ನು ಅವನ ಮಗ ಕಟ್ಟಿಸಿದ್ದು 1820ರಲ್ಲಿ. ಮೇಲೆ ಗುಮ್ಮಟ, ನಾಲ್ಕು ಮೂಲೆಗೆ ಮಿನಾರು, ಮೂಲೆಗಳಲ್ಲಿ ನಂದಿ. ಸಮಾಧಿಗೆ ನಡೆಯುವುದು ಶಿವಪೂಜೆ. ಹತ್ತಿರದಲ್ಲೇ ಟಿಪ್ಪುವಿನ ಸೈನ್ಯದ ಜೊತೆ ಹೋರಾಡಿ ಸತ್ತ ಬಿದ್ದಂಡ ಬೋಪುವಿನ ಸಮಾಧಿಯೂ ಇದೆ. ರಾಜರ ಪಕ್ಕದಲ್ಲಿ ಒಬ್ಬ ಯೋಧನಿಗೆ ಜಾಗ ಕೊಟ್ಟಿದ್ದಾರೆ. ಎಂಥ ದೊಡ್ಡ ಮಾತು ಅಲ್ವಾ? ನಾನು ಹೋದಾಗಲೆಲ್ಲ ಇಲ್ಲಿ ಜನ ಬೆರಳೆಣಿಕೆ. ಒಂದು ಸಲ ದಾರಿ ತಪ್ಪಿ ಬಂದ ಹುಡುಗರ ಗುಂಪು ಗೇಟಿನಲ್ಲೇ ನಿಂತು, ಇದು ಮಸೀದಿಯೋ ದೇವಸ್ಥಾನವೋ ಎಂದು ತಮ್ಮತಮ್ಮಲ್ಲೇ ಮಾತಾಡಿಕೊಂಡು, ಒಳಗೆ ಹೋಗಬಹುದೋ ಇಲ್ಲವೋ ಎಂದು ಅಳುಕಿ ಹಾಗೇ ಹಿಂದಿರುಗಿದರು. ದೂರದಿಂದಲೇ ಓದುವ ಹಾಗೆ, ದಪ್ಪ ಅಕ್ಷರದ ಒಂದು ಕನ್ನಡ ಫಲಕ ಅವರನ್ನು ಒಳಗೆ ಕರೆಯುತ್ತಿತ್ತು.

ಓಂಕಾರೇಶ್ವರ ದೇವಸ್ಥಾನಕ್ಕೆ ಜನ ಬರುತ್ತಾರೆ, ಅದು ಸಂತೋಷ. 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ್ದು. ಅದಕ್ಕೂ ಗುಮ್ಮಟ ಇದೆ, ಎದುರಿಗೆ ಕಲ್ಯಾಣಿ, ಕಲ್ಯಾಣಿಯ ನಡುವೆ ಮಂಟಪ. ಅನ್ಯಾಯವಾಗಿ ಕೊಲ್ಲಿಸಿದ ಒಬ್ಬ ಬ್ರಾಹ್ಮಣನ ಬ್ರಹ್ಮಹತ್ಯಾ ದೋಷ ಕಳೆಯಲಿ ಎಂದು ರಾಜ ಕಾಶಿಯಿಂದ ಲಿಂಗ ತರಿಸಿ ಸ್ಥಾಪಿಸಿದ ಎಂಬ ಐತಿಹ್ಯ ಊರಿನಲ್ಲಿ ಎಲ್ಲರ ಬಾಯಲ್ಲೂ ಇದೆ. ಅಲ್ಲಿನ ಬಾಗಿಲ ಹತ್ತಿರ ದೇವಸ್ಥಾನ ಕಟ್ಟಿಸಿದ ವಿವರ ಕೊರೆದ ತಾಮ್ರದ ತಗಡಿದೆ. ಕಿಟಕಿಯ ಸರಳುಗಳನ್ನು ಹತ್ತಿರದಿಂದ ನೋಡಿದರೆ ಅದರ ಮೇಲೆ "ಓಂ" ಅಕ್ಷರ ಕಾಣುತ್ತದೆ. ಕೈ ಮುಗಿದು, ಮೀನಿಗೆ ಪುರಿ ಹಾಕಿ ಹೊರಡುವವರಲ್ಲಿ ಎಷ್ಟು ಜನ ಇದನ್ನು ನೋಡಿರುತ್ತಾರೆ? ತೋರಿಸುವವರಿದ್ದರೆ ತಾನೇ ನೋಡುವುದು.

ಕೋಟೆ, ಓಂಕಾರೇಶ್ವರ, ಗದ್ದಿಗೆ, ಸೂರ್ಯಾಸ್ತ ನೋಡುವ ಉದ್ಯಾನ ರಾಜಾಸೀಟು, ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ತಿಮ್ಮಯ್ಯನವರ ಮನೆ "ಸನ್ನಿಸೈಡ್". ಇವೆಲ್ಲ ನಡೆದೇ ಮುಗಿಸುವಷ್ಟು ಹತ್ತಿರ ಇವೆ. ಸನ್ನಿಸೈಡನ್ನು ಮ್ಯೂಸಿಯಂ ಮಾಡಿ 2021ರ ಫೆಬ್ರವರಿಯಲ್ಲಿ ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಉದ್ಘಾಟಿಸಿದರು. ನಿಜಕ್ಕೂ ಒಳ್ಳೆಯ ಕೆಲಸ, ಮಾಡಿದವರಿಗೆ ವಂದನೆ. ಆದರೆ ಬಸ್ ಸ್ಟ್ಯಾಂಡಿನಲ್ಲಿ ಇಳಿದ ಒಬ್ಬ ಸಾಮಾನ್ಯ ಪ್ರವಾಸಿ ಇವೆಲ್ಲವನ್ನೂ ಒಂದರ ಹಿಂದೆ ಒಂದು ನಡೆದು ನೋಡಬಹುದು ಎಂದು ತಿಳಿಯುವುದಾದರೂ ಹೇಗೆ? ಇಳಿದ ಕೂಡಲೇ ಅವನಿಗೆ ಸಿಗುವುದು "ಎಷ್ಟು ಜನ ಸಾರ್? ಮಾಂದಲ್‌ಪಟ್ಟಿ ಬೆಟ್ಟಕ್ಕೆ ಜೀಪ್ ಬೇಕಾ?" ಎಂಬ ಮಾತು. ನಡೆಯಲು ಹೊರಟರೆ ಫುಟ್‌ಪಾತ್ ಅರ್ಧಕ್ಕೇ ಮುಗಿಯುತ್ತದೆ. ಏರುದಾರಿಯಲ್ಲಿ ಒಂದು ಪಕ್ಕ ಕಾರು, ಇನ್ನೊಂದು ಪಕ್ಕ ಚರಂಡಿ. ವಯಸ್ಸಾದವರನ್ನು, ಮಕ್ಕಳನ್ನು ಕರೆದುಕೊಂಡು ಹೇಗೆ ನಡೆಯುವುದು?

ಈಗ ಲಾಂಗ್ ವೀಕೆಂಡಿನ ವಿಷಯ. ಇದು ಮೂವತ್ತು ಸಾವಿರ ಚಿಲ್ಲರೆ ಜನರ ಊರು. ರೈಲಿಲ್ಲ, ಕೊಡಗು ಜಿಲ್ಲೆಗೇ ರೈಲು ಮಾರ್ಗ ಇಲ್ಲ. ಬರುವವರೆಲ್ಲ ರಸ್ತೆಯಲ್ಲೇ ಬರಬೇಕು. ಮೂರು ದಿನ ರಜೆ ಸಿಕ್ಕಿತು ಅಂದರೆ ಕುಶಾಲನಗರದಿಂದಲೇ ಸಾಲು ಶುರು. ಸಂಜೆ ರಾಜಾಸೀಟಿನ ದಾರಿ ಪೂರ್ತಿ ಬಂದ್ ಆದ ಹಾಗೇ. ಅಂಥ ಒಂದು ಸಂಜೆ, ಸೈರನ್ ಕೂಗುತ್ತಿದ್ದ ಆಂಬುಲೆನ್ಸ್ ಒಂದು ಮುಂದಕ್ಕೂ ಹೋಗಲಾರದೆ ಹಿಂದಕ್ಕೂ ಬರಲಾರದೆ ಸಿಕ್ಕಿಕೊಂಡದ್ದನ್ನು ನೋಡಿದ್ದೇನೆ. ಕಾರಿನವರು ಇಳಿದು, ಕೈ ಬೀಸಿ, ಒಬ್ಬರಿಗೊಬ್ಬರು ಹೇಳಿ ದಾರಿ ಮಾಡಿಕೊಟ್ಟರು. ಒಳಗಿದ್ದ ರೋಗಿಗೆ ಏನಾಯಿತೋ ಗೊತ್ತಾಗಲಿಲ್ಲ. ಆ ದಿನ ಅಂಗಡಿಯ ಮೆಟ್ಟಿಲ ಮೇಲೆ ನಿಂತಿದ್ದ ಸ್ಥಳೀಯ ಹೆಂಗಸೊಬ್ಬರು "ಇವತ್ತು ಶನಿವಾರ ಅಂದ್ರೆ ನಾವು ಮನೆಯಿಂದ ಹೊರಗೇ ಬರಲ್ಲ" ಎಂದರು. ತಮ್ಮ ಊರಿನಲ್ಲೇ ಜನ ಬಾಗಿಲು ಹಾಕಿಕೊಂಡು ಕೂರುವ ಹಾಗೆ ಮಾಡುವ ಪ್ರವಾಸೋದ್ಯಮ ಯಾರಿಗೆ ಬೇಕು?

ಅದೇ ರಸ್ತೆಗೆ ಮಂಗಳವಾರ ಬೆಳಿಗ್ಗೆ ಬನ್ನಿ. ಖಾಲಿ. ಹೋಟೆಲಿನವರು ಗಿರಾಕಿಗಾಗಿ ಕಾಯುತ್ತಿರುತ್ತಾರೆ, ಆಟೊದವರು ಸುಮ್ನೆ ಕೂತಿರುತ್ತಾರೆ. ಶನಿವಾರ ಉಸಿರು ಕಟ್ಟುವಷ್ಟು ಜನ, ಮಂಗಳವಾರ ಬೋಣಿಗೂ ಪರದಾಟ. ಇದರಿಂದ ವ್ಯಾಪಾರಿಗೂ ಸುಖವಿಲ್ಲ, ಬಂದವರಿಗೂ ಸುಖವಿಲ್ಲ. ಜನರನ್ನು ವರ್ಷದ ತುಂಬ ಹರಡುವುದು ನಿಮ್ಮ ಕೈಯಲ್ಲಿದೆ. ಹೆಚ್ಚು ಜನರನ್ನು ತರುವ ಯೋಜನೆ ಬೇಡ. ಬರುವವರು ಬೇರೆಬೇರೆ ತಿಂಗಳಲ್ಲಿ, ವಾರದ ನಡುವೆ ಬರುವಂಥ ಯೋಜನೆ ಬೇಕು.

ಅದಕ್ಕೆ ಬೇಕಾದ್ದೆಲ್ಲ ಇಲ್ಲಿದೆ. ಮಾರ್ಚ್ ಆಸುಪಾಸಿನಲ್ಲಿ ಹೂಮಳೆ ಬಿದ್ದು ವಾರ ಹತ್ತು ದಿನಕ್ಕೆ ಊರಿನ ಸುತ್ತ ಕಾಫಿ ತೋಟಗಳೆಲ್ಲ ಬೆಳ್ಳಗಾಗುತ್ತವೆ. ಬಸ್ಸಿನ ಕಿಟಕಿ ತೆಗೆದರೆ ಘಮ್ಮೆನ್ನುತ್ತದೆ. ಎರಡು ಮೂರು ದಿನಕ್ಕೆ ಆ ಹೂವು ಮುಗಿಯುತ್ತದೆ, ಅದನ್ನು ನೋಡಲೆಂದೇ ಬರುವವರು ತೀರಾ ಕಡಿಮೆ. ಆಗಸ್ಟ್ ಶುರುವಿನಲ್ಲಿ ಕಕ್ಕಡ ಹದಿನೆಂಟು, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೆಯ ದಿನ. ಮನೆಮನೆಯಲ್ಲಿ ಮದ್ದು ಸೊಪ್ಪಿನ ಪಾಯಸ, ಅದರ ನೇರಳೆ ಬಣ್ಣ ನೋಡಿಯೇ ನಂಬಬೇಕು. ಸೆಪ್ಟೆಂಬರಿನಲ್ಲಿ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್. ಅಕ್ಟೋಬರಿನಲ್ಲಿ ತಲಕಾವೇರಿಯ ತುಲಾ ಸಂಕ್ರಮಣ. ಭತ್ತದ ಕದಿರು ಮನೆಗೆ ಬರುವ ಹೊತ್ತಿಗೆ ಸುಗ್ಗಿಯ ಹಬ್ಬ ಪುತ್ತರಿ. ಚಳಿಗಾಲದಲ್ಲಿ ಕಾಫಿ ಕುಯ್ಲು, ಕಣದ ತುಂಬ ಕೆಂಪು ಹಣ್ಣು. ತಿಂಗಳಿಗೊಂದು ಕಾರಣ ಇದೆ. ಆದರೆ ಇವು ಜನರ ಮನೆಯ ಹಬ್ಬಗಳು, ಯಾರಿಗೋ ತೋರಿಸಲು ಆಗುವ ಕಾರ್ಯಕ್ರಮ ಅಲ್ಲ. ಎಲ್ಲಿಗೆ ಹೊರಗಿನವರು ಬರಬಹುದು, ಎಲ್ಲಿಗೆ ಬರಬಾರದು ಎಂದು ಊರಿನವರನ್ನೇ ಕೇಳಿ ತೀರ್ಮಾನಿಸಿ.

ದಸರಾ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಮೈಸೂರಿನದು ಹಗಲು, ಮಡಿಕೇರಿಯದು ರಾತ್ರಿ. ನಾಲ್ಕು ಶಕ್ತಿ ದೇವತೆಗಳ ಕರಗ, ಹತ್ತು ದೇವಸ್ಥಾನಗಳ ದಶಮಂಟಪ, ಅಂದರೆ ಪುರಾಣದ ದೃಶ್ಯಗಳನ್ನು ಹೊತ್ತ ಹತ್ತು ಮೆರವಣಿಗೆ ಮಂಟಪಗಳು. ವಿಜಯದಶಮಿಯ ರಾತ್ರಿ ಶುರುವಾದ ಮೆರವಣಿಗೆ ಮುಗಿಯುವಾಗ ಬೆಳಕು ಹರಿದಿರುತ್ತದೆ. ಮಂಟಪದ ಹಿಂದೆ ತಿಂಗಳುಗಟ್ಟಲೆ ಕೆಲಸ ಮಾಡಿದ ಹುಡುಗರ ಮುಖ ಆ ರಾತ್ರಿ ನೋಡಬೇಕು. ಆದರೆ ರಾತ್ರಿಯಿಡೀ ನಿಲ್ಲುವ ಜನಕ್ಕೆ, ಅದರಲ್ಲೂ ಹೆಂಗಸರಿಗೆ, ಶೌಚಾಲಯ ಎಲ್ಲಿದೆ? ನಾನು ಹೋದ ವರ್ಷಗಳಲ್ಲಿ ಹೋಟೆಲಿನವರ ದಾಕ್ಷಿಣ್ಯದ ಮೇಲೆ ರಾತ್ರಿ ಕಳೆಯಬೇಕಾಯಿತು. ಅಷ್ಟು ದೊಡ್ಡ ಹಬ್ಬ ಮಾಡುವ ಊರಿಗೆ ಈ ಒಂದು ಕೆಲಸ ಅಸಾಧ್ಯವಲ್ಲ. ಗುಂಪು ಹೆಚ್ಚಾದರೆ ಹೊರಹೋಗುವ ದಾರಿ ಯಾವುದು ಎಂದು ಮೊದಲೇ ಹೇಳುವುದೂ ಅಷ್ಟೇ ಮುಖ್ಯ.

ಮಳೆಗಾಲದ ಬಗ್ಗೆ ಬರೆಯುವಾಗ ಕೈ ತಡೆಯುತ್ತದೆ. 2018ರ ಆಗಸ್ಟ್ ಯಾರೂ ಮರೆತಿಲ್ಲ. ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲ. ಗುಡ್ಡ ಜಾರಿ ಮನೆ, ತೋಟ, ಜನ ಎಲ್ಲ ಹೋದವು. ಮಂಗಳೂರು ರಸ್ತೆ ತುಂಡಾಯಿತು. 2019ರಲ್ಲಿ ವಿರಾಜಪೇಟೆ ಕಡೆಯ ತೋರ ಎಂಬ ಹಳ್ಳಿಯಲ್ಲಿ, 2020ರಲ್ಲಿ ತಲಕಾವೇರಿಯಲ್ಲಿ ಬೆಟ್ಟ ಕುಸಿಯಿತು. ಇಷ್ಟಾದ ಮೇಲೆ ಮಳೆಗಾಲದಲ್ಲಿ ಕಣ್ಣುಮುಚ್ಚಿ ಬನ್ನಿ ಎಂದು ಯಾರನ್ನೂ ಕರೆಯಲಾಗದು. ಆದರೆ ಮಳೆಗಾಲ ಎಂದರೆ ಪ್ರತಿದಿನವೂ ಅಪಾಯ ಎಂದೂ ಅಲ್ಲ. ಸಣ್ಣಗೆ ಸುರಿಯುವ ದಿನಗಳಲ್ಲಿ ಕೊಡೆ ಹಿಡಿದು ಊರೊಳಗೆ ನಡೆಯಲು ಏನೂ ತೊಂದರೆ ಇಲ್ಲ. ತೊಂದರೆ ಇರುವುದು ಮಾಹಿತಿಯದು. ಯಾವ ರಸ್ತೆ ತೆರೆದಿದೆ, ಯಾವುದು ಮುಚ್ಚಿದೆ, ಎಲ್ಲಿಗೆ ಹೋಗಬಾರದು ಎಂದು ತಿಳಿಯಲು ನಾನು ಪ್ರತಿ ಸಲ ಬಸ್ ಕಂಡಕ್ಟರನ್ನೇ ಕೇಳಬೇಕು. ವಾಟ್ಸಾಪಿನಲ್ಲಿ ಹಳೇ ವರ್ಷದ ಕುಸಿತದ ವಿಡಿಯೊ ಇವತ್ತಿನದು ಎಂದು ಓಡಾಡುತ್ತದೆ. ಅದನ್ನು ನೋಡಿ ಹೆದರಿದವರು ಬುಕಿಂಗ್ ರದ್ದು ಮಾಡುತ್ತಾರೆ. ಹೆದರದವರು ಮುಚ್ಚಿದ ದಾರಿಗೇ ಗಾಡಿ ನುಗ್ಗಿಸುತ್ತಾರೆ. ಎರಡೂ ತಪ್ಪು, ಎರಡಕ್ಕೂ ಕಾರಣ ಒಂದೇ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿನಾ ಬೆಳಿಗ್ಗೆ ಒಂದು ನಿಗದಿತ ಹೊತ್ತಿಗೆ, ಒಂದೇ ಕಡೆಯಿಂದ, ಕನ್ನಡದಲ್ಲಿ ರಸ್ತೆಯ ಸ್ಥಿತಿ ಹೇಳಿ. ಮಡಿಕೇರಿಯಲ್ಲೇ ಆಕಾಶವಾಣಿ ಕೇಂದ್ರ ಇದೆ, ಅದರಲ್ಲಿ ಹೇಳಿಸಿ. ಬಸ್ ಸ್ಟ್ಯಾಂಡಿನ ಬೋರ್ಡಿನ ಮೇಲೆ ಬರೆಸಿ. ಅಪಾಯ ಇದ್ದರೆ ಬರಬೇಡಿ ಎಂದು ಮುಲಾಜಿಲ್ಲದೆ ಹೇಳಿ, ಹಿಂದಿನ ದಿನವೇ ಹೇಳಿ. ಅರ್ಧ ದಾರಿಗೆ ಬಂದವರನ್ನು ಚೆಕ್‌ಪೋಸ್ಟಿನಲ್ಲಿ ನಿಲ್ಲಿಸಿ ವಾಪಸ್ ಕಳಿಸಿದರೆ ಅವರಿಗೂ ಸಂಕಟ, ನಿಲ್ಲಿಸುವ ಪೊಲೀಸರಿಗೂ ಸಂಕಟ. ಅಪಾಯ ಕಳೆದಾಗ ಬನ್ನಿ ಎಂದು ಹೇಳುವ ಕೆಲಸವೂ ನಿಮ್ಮದೇ. ಮುಚ್ಚಿದ ಸುದ್ದಿ ಎಲ್ಲೆಡೆ ಹರಡುತ್ತದೆ, ತೆರೆದ ಸುದ್ದಿ ಯಾರಿಗೂ ತಲುಪುವುದಿಲ್ಲ.

ಬೇಸಿಗೆಯಲ್ಲಿ ಸಮಸ್ಯೆ ತಿರುಗಾಮುರುಗಾ. ಊರಿಗೆ ನೀರು ಬರುವುದು ಮುಖ್ಯವಾಗಿ ಕೂಟುಹೊಳೆಯಿಂದ. ಏಪ್ರಿಲ್, ಮೇ ತಿಂಗಳಲ್ಲಿ ಶಾಲೆಗೆ ರಜೆ, ಪ್ರವಾಸಿಗರು ಜಾಸ್ತಿ, ಹೊಳೆಯಲ್ಲಿ ನೀರು ಕಡಿಮೆ. ನಾನು ಉಳಿದಿದ್ದ ಕಡೆ ಬಕೆಟ್ ತುಂಬ ಬಿಸಿನೀರು ಬಂತು, ಅದೇ ಬೀದಿಯ ಮನೆಗಳ ಮುಂದೆ ಖಾಲಿ ಕೊಡಗಳು ಸಾಲಾಗಿ ಕೂತಿದ್ದವು. ಇದು ನ್ಯಾಯವಲ್ಲ. ಹೊಸ ಲಾಡ್ಜಿಗೆ, ಹೋಂಸ್ಟೇಗೆ ಅನುಮತಿ ಕೊಡುವ ಮುಂಚೆ ಅದರ ನೀರು ಎಲ್ಲಿಂದ ಬರುತ್ತದೆ, ಕೊಳಚೆ ಎಲ್ಲಿಗೆ ಹೋಗುತ್ತದೆ, ಕಟ್ಟಲು ಎಷ್ಟು ಗುಡ್ಡ ಕಡಿಯುತ್ತಾರೆ ಎಂದು ಕೇಳಿ. ಉತ್ತರ ಸಿಗದಿದ್ದರೆ ಅನುಮತಿ ಕೊಡಬೇಡಿ. ನೋಂದಣಿ ಇಲ್ಲದೆ ನಡೆಸುವವರನ್ನು ತಡೆದರೆ ನಿಯಮ ಪಾಲಿಸುವವರಿಗೆ ಬಲ ಬರುತ್ತದೆ.

ಇನ್ನು ನನ್ನ ಕೋರಿಕೆಗಳು. ಕೆಲವನ್ನು ಮೇಲೆಯೇ ಹೇಳಿದ್ದೇನೆ. ಎಲ್ಲಕ್ಕಿಂತ ಮೊದಲು ನಾನು ಕೇಳುವುದು ನಡೆಯುವ ದಾರಿ. ಬಸ್ ಸ್ಟ್ಯಾಂಡಿನಿಂದ ಕೋಟೆ, ಓಂಕಾರೇಶ್ವರ, ಗದ್ದಿಗೆ, ಸನ್ನಿಸೈಡ್, ಕೊನೆಗೆ ರಾಜಾಸೀಟು. ಈ ದಾರಿಗೆ ಸರಿಯಾದ ಫುಟ್‌ಪಾತ್ ಮಾಡಿಸಿ, ತಿರುವಿನಲ್ಲಿ ಬಾಣದ ಗುರುತು ಹಾಕಿಸಿ, ಅಲ್ಲಲ್ಲಿ ಕೂರಲು ಕಲ್ಲುಬೆಂಚು, ಮಳೆಗೆ ನಿಲ್ಲಲು ಒಂದೊಂದು ಮಾಡು ಹಾಕಿಸಿ. ಪ್ರತಿ ಜಾಗದಲ್ಲೂ ಯಾರು, ಯಾವಾಗ, ಯಾಕೆ ಎಂದು ನಾಲ್ಕು ಸಾಲಿನ ಫಲಕ ಸಾಕು. ಕನ್ನಡದಲ್ಲಿ ದೊಡ್ಡದಾಗಿ ಇರಲಿ, ಕೊಡವ ತಕ್ಕ್‌ನಲ್ಲಿ, ಅರೆಭಾಷೆಯಲ್ಲಿಯೂ ಇರಲಿ. ಈ ಊರಿನ ಮಾತು ಈ ಊರಿನ ಫಲಕದ ಮೇಲೆ ಇಲ್ಲದಿದ್ದರೆ ಇನ್ನೆಲ್ಲಿ ಇರಬೇಕು?

ಊರಿನ ಹುಡುಗ ಹುಡುಗಿಯರಿಗೆ ಗೈಡ್ ತರಬೇತಿ ಕೊಡಿ. ಕಾಲೇಜು ಮುಗಿಸಿ ಕೆಲಸ ಹುಡುಕುತ್ತಾ ಬೆಂಗಳೂರಿಗೆ ಹೊರಡುವವರಲ್ಲಿ ಕೆಲವರಾದರೂ ಇಲ್ಲೇ ಉಳಿದಾರು. ದರ ನಿಗದಿ ಮಾಡಿ, ಬೋರ್ಡಿನ ಮೇಲೆ ಹಾಕಿ. ಗುಂಪಿಗೆ ಇಂತಿಷ್ಟು ಎಂದು ಮೊದಲೇ ಗೊತ್ತಿದ್ದರೆ ಬಂದವರಿಗೂ ಚೌಕಾಸಿಯ ಮುಜುಗರ ಇರುವುದಿಲ್ಲ. ಮಳೆಗಾಲದಲ್ಲಿ ಜೀಪು ನಿಂತರೂ ಇವರ ಕೆಲಸ ನಿಲ್ಲುವುದಿಲ್ಲ. ಕೋಟೆಯ ಕಥೆ ಹೇಳಲು ಬಿಸಿಲು ಬೇಕಿಲ್ಲ.

ರಜೆ ದಿನಗಳಲ್ಲಿ ಹೊರಗಿನ ಕಾರುಗಳನ್ನು ಊರಾಚೆ ನಿಲ್ಲಿಸಿ, ಅಲ್ಲಿಂದ ಸಣ್ಣ ಬಸ್ಸು ಓಡಿಸಿ. ಬಾಡಿಗೆಯನ್ನು ಸ್ಥಳೀಯ ಆಟೊದವರನ್ನೂ ಕೂರಿಸಿಕೊಂಡು ತೀರ್ಮಾನಿಸಿ, ಅವರ ಹೊಟ್ಟೆಯ ಮೇಲೆ ಹೊಡೆಯಬೇಡಿ. ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಯಾವ ಕಾರಣಕ್ಕೂ ವಾಹನ ನಿಲ್ಲಬಾರದು. ಇದರಲ್ಲಿ ರಿಯಾಯಿತಿ ಕೇಳುವವರು ಎಷ್ಟೇ ದೊಡ್ಡವರಾಗಿರಲಿ, ಬಗ್ಗಬೇಡಿ.

ಹಳೆಯ ಕಟ್ಟಡಗಳ ರಿಪೇರಿಯನ್ನು ಮೇ ತಿಂಗಳ ಒಳಗೆ ಮುಗಿಸುವ ಪದ್ಧತಿ ಮಾಡಿ. ಇಂಥ ಮಳೆ ಸೀಮೆಯಲ್ಲಿ ಸುಣ್ಣದ ಗಾರೆಗೆ, ಮರದ ತೊಲೆಗೆ ನೀರೇ ಶತ್ರು. ಒಡೆದ ಒಂದು ಹೆಂಚು, ಕಸ ಕಟ್ಟಿದ ಒಂದು ತೂಬು ನಾಲ್ಕು ತಿಂಗಳಲ್ಲಿ ಇಡೀ ಗೋಡೆಯನ್ನು ತಿಂದುಹಾಕುತ್ತದೆ. ಪ್ರವಾಸಿಗರಿಂದ ಬರುವ ಟಿಕೆಟ್ ಹಣದಲ್ಲಿ ಎಷ್ಟು ಭಾಗ ಈ ಕೆಲಸಕ್ಕೆ ಹೋಗುತ್ತದೆ ಎಂದು ವರ್ಷಕ್ಕೊಮ್ಮೆ ಬಹಿರಂಗವಾಗಿ ತಿಳಿಸಿ. ಕೊಡುವವರಿಗೆ ಅದು ಗೊತ್ತಾಗಬೇಕು. ನಾನಂತೂ ಇನ್ನೂ ಹತ್ತು ರೂಪಾಯಿ ಜಾಸ್ತಿ ಕೊಡಲು ಸಿದ್ಧಳಿದ್ದೇನೆ, ಹಾಗೆ ಕೊಡುವವರು ಬಹಳ ಜನ ಇದ್ದಾರೆ.

ಇದರಲ್ಲಿ ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ ಎಂದು ತಾವು ಹೇಳಬೇಕು. ಆಗದಿದ್ದರೆ ಕಾರಣ ತಿಳಿಸಿ. ಊರಿನ ಜನ, ಹೋಟೆಲಿನವರು, ಆಟೊ ಮತ್ತು ಜೀಪಿನವರು, ಹೋಂಸ್ಟೇ ನಡೆಸುವವರು, ದಸರಾ ಸಮಿತಿಯವರು ಎಲ್ಲರನ್ನೂ ಒಂದು ಸಭೆಗೆ ಕರೆಯಿರಿ. ಮುಂದಿನ ಮಳೆಗಾಲಕ್ಕೆ ಮೊದಲೇ ಕರೆದರೆ ಒಳ್ಳೆಯದು. ನನ್ನಂಥ ಹೊರಗಿನವರಿಗೆ ಮಾತಾಡಲು ಐದು ನಿಮಿಷ ಕೊಟ್ಟರೆ ಬಂದು ಹೇಳುತ್ತೇನೆ. ಕೊಡದಿದ್ದರೂ ಹಿಂದಿನ ಸಾಲಿನಲ್ಲಿ ಕೂತು ಕೇಳುತ್ತೇನೆ.

ಇಂತಿ,
ಮಡಿಕೇರಿಗೆ ಎಲ್ಲ ಕಾಲದಲ್ಲೂ ಬರುವ ಒಬ್ಬ ಪ್ರವಾಸಿ